ಹೊಸ ಕಾರು ಪದೇ ಪದೇ ಕೆಟ್ಟರೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಲೆಮನ್ ಲಾ

ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆ ಇರುವ ನಮ್ಮವರಲ್ಲಿ ಅನೇಕರು ಜೀವನದ ಮೊದಲ ಹೊಸ ಕಾರು ಕೊಳ್ಳುವುದು ಇಲ್ಲಿಗೆ ಬಂದ ಮೇಲೆಯೇ. ಐದಾರು ವರ್ಷದ ಸಾಲ ಬೇರೆ. ಅಂಥ ಕಾರು ಫ್ರೀವೇಯಲ್ಲಿ ಇದ್ದಕ್ಕಿದ್ದಂತೆ ಆಫ್ ಆಗತೊಡಗುತ್ತದೆ. ಸರ್ವಿಸ್‌ಗೆ ಬಿಟ್ಟು ತಂದರೂ ಮತ್ತೆ ಅದೇ ಗೋಳು. ಆಗ ಹೆಚ್ಚಿನವರು ಡೀಲರ್ ಜತೆ ಫೋನಿನಲ್ಲಿ ವಾದ ಮಾಡಿ ಸುಸ್ತಾಗುತ್ತಾರೆ, ಕೊನೆಗೆ ‘ಹೋಗ್ಲಿ ಬಿಡಿ’ ಎಂದು ನಷ್ಟಕ್ಕೆ ಮಾರಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ರಾಜ್ಯದ ಕಾನೂನು ನಿಮ್ಮ ಬೆನ್ನಿಗೆ ಗಟ್ಟಿಯಾಗಿ ನಿಂತಿದೆ.

ಹೀಗೆ ರಿಪೇರಿ ಮಾಡಿದರೂ ಸರಿಯಾಗದ ಕಾರಿಗೆ ಇಲ್ಲಿ ‘ಲೆಮನ್’ ಎನ್ನುತ್ತಾರೆ, ಅದಕ್ಕೇ ಲೆಮನ್ ಲಾ ಎಂಬ ಹೆಸರು. ಕಾನೂನಿನ ಪೂರ್ತಿ ಹೆಸರು ಸಾಂಗ್-ಬೆವರ್ಲಿ ಕನ್ಸ್ಯೂಮರ್ ವಾರಂಟಿ ಆ್ಯಕ್ಟ್. 1970ರದು. ಕಾರಿನ ಬಳಕೆ, ಬೆಲೆ ಅಥವಾ ಸುರಕ್ಷತೆಗೆ ದೊಡ್ಡ ಪೆಟ್ಟು ಕೊಡುವ ದೋಷ ವಾರಂಟಿ ಅವಧಿಯಲ್ಲಿ ಕಾಣಿಸಿಕೊಂಡು, ಸಾಕಷ್ಟು ಅವಕಾಶ ಕೊಟ್ಟರೂ ಕಂಪನಿಗೆ ಸರಿ ಮಾಡಲು ಆಗದಿದ್ದರೆ, ಅದು ದುಡ್ಡು ವಾಪಸ್ ಕೊಡಬೇಕು ಅಥವಾ ಬೇರೆ ಕಾರು ಕೊಡಬೇಕು. ಬೇರೆ ಕಾರು ಬೇಡ, ದುಡ್ಡೇ ಬೇಕು ಎನ್ನುವ ಹಕ್ಕೂ ನಿಮಗಿದೆ. ಲೀಸ್‌ಗೆ ತಗೊಂಡ ಕಾರಿಗೂ ಇದು ಅನ್ವಯಿಸುತ್ತದೆ.

ಸಾಕಷ್ಟು ಅಂದರೆ ಎಷ್ಟು? ಕಾರು ಕೈಗೆ ಬಂದ 18 ತಿಂಗಳು ಅಥವಾ 18,000 ಮೈಲಿ, ಯಾವುದು ಮೊದಲೋ ಅದರೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಗೆ ಕೊಟ್ಟಿದ್ದರೆ ಸಾಕು. ಬ್ರೇಕ್, ಸ್ಟೀರಿಂಗ್ ಹಾಗೆ ಜೀವಕ್ಕೇ ಕುತ್ತು ತರುವಂಥದ್ದಾದರೆ ಎರಡೇ ಸಲ. ಬೇರೆ ಬೇರೆ ದೋಷಗಳಿಗೇ ಆಗಲಿ, ಕಾರು ಒಟ್ಟು 30 ದಿನಕ್ಕಿಂತ ಜಾಸ್ತಿ ಸರ್ವಿಸ್ ಸೆಂಟರಿನಲ್ಲೇ ಇದ್ದರೂ ಆಯಿತು. ಆ 30 ದಿನ ಒಟ್ಟಿಗೇ ಆಗಬೇಕೆಂದೇನಿಲ್ಲ. ಇವುಗಳಲ್ಲಿ ಒಂದು ಆದರೂ ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತ್ತು ಎಂದೇ ಕಾನೂನು ಭಾವಿಸಿ ಮುಂದೆ ಹೋಗುತ್ತದೆ. ಅಲ್ಲವೆಂದು ತೋರಿಸುವ ಹೊರೆ ಕಂಪನಿಯದು. 18 ತಿಂಗಳು ದಾಟಿತು, ಇನ್ನು ದಾರಿಯಿಲ್ಲ ಅಂದುಕೊಳ್ಳಬೇಡಿ. ವಾರಂಟಿ ಇರುವಾಗ ರಿಪೇರಿಗೆ ಕೊಟ್ಟಿದ್ದರೆ ಆಮೇಲೂ ಕೇಳಬಹುದು, ವಾದ ಮಾತ್ರ ಸ್ವಲ್ಪ ಕಷ್ಟ.

ಇಷ್ಟೆಲ್ಲ ನಿಂತಿರುವುದು ಒಂದು ಕಾಗದದ ಮೇಲೆ: ರಿಪೇರಿ ಆರ್ಡರ್. ಪ್ರತಿ ಸಲ ಡೀಲರ್ ಹತ್ತಿರ ಹೋದಾಗಲೂ ಅದನ್ನು ಇಸ್ಕೊಂಡೇ ಬನ್ನಿ. ಅದರಲ್ಲಿ ಕಾರು ಬಿಟ್ಟ ದಿನ, ವಾಪಸ್ ಕೊಟ್ಟ ದಿನ, ಎರಡೂ ಸಲದ ಮೈಲಿ ಇರಬೇಕು. ‘ಕಸ್ಟಮರ್ ಸ್ಟೇಟ್ಸ್’ ಎಂದು ಶುರುವಾಗುವ ಸಾಲು ನಿಮ್ಮ ದೂರು. ಅಡ್ವೈಸರ್ ಟೈಪ್ ಮಾಡಿದ್ದನ್ನು ಸಹಿ ಹಾಕುವ ಮುಂಚೆ ಓದಿ. ನೀವು ‘65ರಲ್ಲಿ ಹೋಗುವಾಗ ಎಂಜಿನ್ ನಿಂತುಹೋಯಿತು’ ಎಂದಿದ್ದನ್ನು ಅವರು ‘ಚೆಕ್ ಎಂಜಿನ್ ಲೈಟ್’ ಎಂದಷ್ಟೇ ಬರೆದಿದ್ದರೆ, ಅಲ್ಲೇ ತಿದ್ದಿಸಿ. ಮುಂದಿನ ಸಲವೂ ಅದೇ ಮಾತಿನಲ್ಲಿ ದೂರು ಬರೆಸಿ. ಒಂದೇ ದೋಷ ಎಂದು ತೋರಿಸಲು ಅದೇ ಆಧಾರ. ‘ಕುಡ್ ನಾಟ್ ಡುಪ್ಲಿಕೇಟ್’ (ಆ ದೋಷ ನಮಗೆ ಕಾಣಿಸಲಿಲ್ಲ) ಎಂದು ಬರೆದು ಕಾರು ಹಾಗೇ ವಾಪಸ್ ಕೊಟ್ಟರೂ ಬೇಜಾರಾಗಬೇಡಿ. ಅವಕಾಶ ಕೊಟ್ಟಿದ್ದು ಕೊಟ್ಟ ಹಾಗೇ. ‘ವಾರಂಟಿ ಕೆಲಸ, ಬಿಲ್ ಯಾಕೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಾರಂಟಿ ಕೆಲಸಕ್ಕೂ ಇನ್‌ವಾಯ್ಸ್ ಬರೆಯಲೇಬೇಕು ಅನ್ನುವುದು ಕ್ಯಾಲಿಫೋರ್ನಿಯಾದ ನಿಯಮ.

ಪರಿಚಯದ ಮೆಕ್ಯಾನಿಕ್ ಹತ್ತಿರ ತೋರಿಸುವುದು ನಮ್ಮವರ ಅಭ್ಯಾಸ ಅಲ್ವಾ? ಆತ ಎಷ್ಟೇ ಒಳ್ಳೆಯವನಾದರೂ ಆ ರಿಪೇರಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಬೇಕು.

ದುಡ್ಡಿನ ಲೆಕ್ಕ ಹೀಗೆ. ಡೌನ್ ಪೇಮೆಂಟ್, ಕಟ್ಟಿದ ಕಂತು, ಸೇಲ್ಸ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಎಲ್ಲ ವಾಪಸ್. ಬಾಕಿ ಸಾಲ ತೀರಿಸುವುದು ಕಂಪನಿಯ ಕೆಲಸ. ದೋಷದಿಂದಾಗಿ ಟೋಯಿಂಗ್, ಬಾಡಿಗೆ ಕಾರಿಗೆ ಖರ್ಚಾಗಿದ್ದರೆ ಅದೂ ಸೇರುತ್ತದೆ, ರಸೀದಿ ಇಟ್ಟುಕೊಳ್ಳಿ. ಕಳೆಯುವುದು ಮುಖ್ಯವಾಗಿ ನೀವು ನೆಮ್ಮದಿಯಾಗಿ ಓಡಿಸಿದ ಮೈಲಿಗಳ ಪಾಲು: ಆ ದೋಷಕ್ಕೆ ಮೊದಲ ಸಲ ರಿಪೇರಿಗೆ ಬಿಟ್ಟಾಗ ಓಡಿದ್ದ ಮೈಲಿಯನ್ನು 1,20,000ದಿಂದ ಭಾಗಿಸಿ ಕಾರಿನ ಬೆಲೆಗೆ ಗುಣಿಸುತ್ತಾರೆ. 40,000 ಡಾಲರ್ ಕಾರನ್ನು 6,000 ಮೈಲಿಗೇ ತೋರಿಸಿದ್ದರೆ ಕಡಿತ 2,000 ಡಾಲರ್. 12,000 ಮೈಲಿವರೆಗೆ ಸುಮ್ನೆ ಕಾದಿದ್ದರೆ 4,000. ಅದಕ್ಕೇ ಮೊದಲ ಸದ್ದಿಗೇ ಕಾರು ಬಿಟ್ಟುಬನ್ನಿ.

ನಿಮ್ಮ ಜಗಳ ಡೀಲರ್ ಜತೆಗಲ್ಲ, ಕಾರು ತಯಾರಿಸಿದ ಕಂಪನಿ ಜತೆ. ಕಾರಿನ ಜತೆ ಕೊಟ್ಟ ವಾರಂಟಿ ಪುಸ್ತಕದಲ್ಲಿರುವ ವಿಳಾಸಕ್ಕೆ ಸರ್ಟಿಫೈಡ್ ಮೇಲ್‌ನಲ್ಲಿ ಪತ್ರ ಹಾಕಿ: ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ), ರಿಪೇರಿ ತಾರೀಖುಗಳು, ದುಡ್ಡು ವಾಪಸ್ ಬೇಕು ಎಂಬ ನೇರ ಮಾತು. ರಾಜ್ಯ ಒಪ್ಪಿರುವ ಉಚಿತ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರು ಮಾಡುವ ತೀರ್ಮಾನ) ಕೆಲವು ಕಂಪನಿಗಳಿಗೆ ಇದೆ. ಅಲ್ಲಿನ ತೀರ್ಪನ್ನು ನೀವು ಒಪ್ಪಿದರೆ ಕಂಪನಿಯೂ ಒಪ್ಪಬೇಕು. ಒಪ್ಪದೆ ಕೋರ್ಟಿಗೂ ಹೋಗಬಹುದು.

ವಕೀಲರ ಖರ್ಚಿಗೆ ಹೆದರುವವರು ಬಹಳ. ನೀವು ಗೆದ್ದರೆ ವಕೀಲರ ಫೀಸ್ ಕೊಡಬೇಕಾದ್ದು ಕಂಪನಿ, ಅದೂ ಕಾನೂನಿನಲ್ಲೇ ಇದೆ. ಹಾಗಾಗಿ ಅನೇಕ ವಕೀಲರು ನಿಮ್ಮಿಂದ ಮುಂಗಡ ಕೇಳುವುದಿಲ್ಲ. ಸಹಿ ಹಾಕುವ ಮೊದಲು ಒಪ್ಪಂದ ಓದಿ, ಅಷ್ಟೇ. ಕಂಪನಿ ಗೊತ್ತಿದ್ದೂ ಬೇಕೆಂದೇ ಸತಾಯಿಸಿದ್ದರೆ ನಷ್ಟದ ಎರಡರಷ್ಟರವರೆಗೂ ದಂಡ ಹಾಕಬಹುದು. ಎಚ್-1ಬಿ ಮೇಲಿರುವವರು ‘ಕೇಸು ಅಂದ್ರೆ ವೀಸಾಗೆ ತೊಂದರೆ’ ಎಂದು ಹಿಂಜರಿಯುತ್ತಾರೆ. ಇದು ಗಿರಾಕಿ ಮತ್ತು ಕಂಪನಿ ನಡುವಿನ ಸಿವಿಲ್ ವ್ಯವಹಾರ. ಕಾರು ಕೊಂಡವರು ಯಾವ ದೇಶದವರು ಎಂದು ಈ ಕಾನೂನು ಕೇಳುವುದಿಲ್ಲ.

2024ರಲ್ಲಿ ಬಂದ ಎಬಿ 1755 ಎಂಬ ತಿದ್ದುಪಡಿ, ಅದಕ್ಕೆ ಸೇರಿಕೊಂಡ ಕಂಪನಿಗಳ ಮಟ್ಟಿಗೆ ಗಡುವು ಬಿಗಿ ಮಾಡಿದೆ. ಅವುಗಳ ಮೇಲೆ ವಾರಂಟಿ ಮುಗಿದ ಒಂದು ವರ್ಷದೊಳಗೆ ಕೇಸು ಹಾಕಬೇಕು, ಕಾರು ಕೈಗೆ ಬಂದ ಆರು ವರ್ಷ ದಾಟುವಂತಿಲ್ಲ. ದಂಡ ಬೇಕೆಂದರೆ 30 ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಸೇರಿಕೊಂಡವರ ಪಟ್ಟಿ ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಕನ್ಸ್ಯೂಮರ್ ಅಫೇರ್ಸ್ ವೆಬ್‌ಸೈಟಿನಲ್ಲಿದೆ. ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ಮುಚ್ಚಿತು: ಹಳೆಯ ಕಾರಿನಲ್ಲಿ ಕಂಪನಿಯ ಮೂಲ ವಾರಂಟಿ ಉಳಿದಿದೆ ಎಂದ ಮಾತ್ರಕ್ಕೆ ಅದಕ್ಕೆ ಹೊಸ ಕಾರಿನ ಹಕ್ಕು ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಾಲಕನ ಬದಿಯ ಬಾಗಿಲಿನ ಚೌಕಟ್ಟು ಮತ್ತು ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ನೋಡಿ. ಕಂಪನಿ ಲೆಮನ್ ಎಂದು ವಾಪಸ್ ಪಡೆದ ಕಾರಾದರೆ ‘ಲೆಮನ್ ಲಾ ಬೈಬ್ಯಾಕ್’ ಎಂದು ಎರಡು ಕಡೆಯೂ ಇರಬೇಕು.

ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ. ನ್ಯೂಜೆರ್ಸಿಯಲ್ಲಿ 24 ತಿಂಗಳು ಅಥವಾ 24,000 ಮೈಲಿಯೊಳಗೆ ಮೂರು ರಿಪೇರಿ ಅಥವಾ 20 ದಿನ. ನ್ಯೂಯಾರ್ಕಿನಲ್ಲಿ ಎರಡು ವರ್ಷ ಅಥವಾ 18,000 ಮೈಲಿ, ನಾಲ್ಕು ರಿಪೇರಿ ಅಥವಾ 30 ದಿನ. ಕ್ಯಾಲಿಫೋರ್ನಿಯಾದ ಕಾನೂನು ಹಿಡಿಯಬೇಕಾದರೆ ಸಾಮಾನ್ಯವಾಗಿ ಕಾರನ್ನು ಇಲ್ಲೇ ಕೊಂಡಿರಬೇಕು. ಪಕ್ಕದ ರಾಜ್ಯದಲ್ಲಿ ಅಗ್ಗ ಎಂದು ಅಲ್ಲಿಂದ ಕಾರು ತರುವ ಯೋಚನೆ ಇದ್ದರೆ ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.