ಮುಷ್ಕರದ ತಿಂಗಳಲ್ಲಿ ಸಂಬಳ: ಟಿಎ ಆಗಿದ್ದಾಗಿನ ನನ್ನ ಅನುಭವ

ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. "ನಮ್ಮ ಯೂನಿಯನ್ ಮುಷ್ಕರಕ್ಕೆ ವೋಟು ತಗೊಳ್ತಾ ಇದೆ. ಹೂಂ ಅಂದರೆ ಸಂಬಳದ ಗತಿ ಏನು? ವೀಸಾ ಗತಿ ಏನು?" ಬೇಡಿಕೆ ನ್ಯಾಯವಾದದ್ದು ಅನ್ನೋದರಲ್ಲಿ ಅವರಿಗೆ ಅನುಮಾನ ಇರುವುದಿಲ್ಲ. ಒಂದನೇ ತಾರೀಖು ಬಾಡಿಗೆ ಕಟ್ಟೋದು ಹೇಗೆ ಅನ್ನೋದೇ ಚಿಂತೆ. ಆ ಚಿಂತೆ ನನಗೂ ಇತ್ತು. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತೂ ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಜನ ಕೆಲಸ ನಿಲ್ಲಿಸಿದರು. ಪಾಠ ಹೇಳಲು ನೆರವಾಗುವ ಟಿಎಗಳು (ಟೀಚಿಂಗ್ ಅಸಿಸ್ಟೆಂಟ್‌ಗಳು), ರಿಸರ್ಚ್ ಅಸಿಸ್ಟೆಂಟ್‌ಗಳು, ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವ ಪೋಸ್ಟ್‌ಡಾಕ್‌ಗಳು ಎಲ್ಲರೂ ಇದ್ದರು. ನಾನು ಆಗ ಅಲ್ಲಿ ಟಿಎ. ದುಡ್ಡಿನ ಕಡೆ ಹೇಗೆ ನಿಭಾಯಿಸಿದೆ ಅಂತ ಬರೆಯುತ್ತೇನೆ.

ಮೊದಲು ನಿಮ್ಮ "ಸಂಬಳ" ಯಾವುದು ಅಂತ ಬಿಡಿಸಿ ನೋಡಿ. ನಮಗೆ ಸಿಗುವುದು ಒಂದೇ ದುಡ್ಡಲ್ಲ. ಪಾಠ ಹೇಳಿದ್ದಕ್ಕೆ ಅಥವಾ ಲ್ಯಾಬ್ ಕೆಲಸಕ್ಕೆ ಕೊಡುವ ಕೂಲಿ ಒಂದು. ವಿದ್ಯಾರ್ಥಿ ಅನ್ನೋ ಕಾರಣಕ್ಕೆ ಬರುವ ಫೆಲೋಶಿಪ್ ಇನ್ನೊಂದು. ಇವೆರಡೂ ಬ್ಯಾಂಕಿಗೆ ಬರುತ್ತವೆ. ಟ್ಯೂಷನ್ ಮಾಫಿ (ವಿಶ್ವವಿದ್ಯಾಲಯದ ಬೋಧನಾ ಶುಲ್ಕದ ಮನ್ನಾ) ಮತ್ತು ಆರೋಗ್ಯ ವಿಮೆ ಮಾತ್ರ ನಮ್ಮ ಕೈಗೆ ಬರುವುದೇ ಇಲ್ಲ, ಫೀ ಖಾತೆಯಲ್ಲೇ ಜಮಾ ಆಗಿ ಅಲ್ಲೇ ಮುಗಿಯುತ್ತವೆ. ಮುಷ್ಕರ ಅಂದರೆ ಕೆಲಸ ನಿಲ್ಲಿಸುವುದು. ಹಾಗಾಗಿ ಮೊದಲು ನಿಲ್ಲುವುದು ಕೂಲಿ. ಫೆಲೋಶಿಪ್‌ಗೂ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ ಅದು ಬರುತ್ತಲೇ ಇರುತ್ತದೆ. ಯಾವುದು ಎಷ್ಟು ಅಂತ ತಿಳಿಯಬೇಕಾದರೆ ಪೇ ಸ್ಲಿಪ್ ಮತ್ತು ಅಪಾಯಿಂಟ್‌ಮೆಂಟ್ ಲೆಟರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಬಹಳ ಜನ ಬ್ಯಾಂಕಿಗೆ ಬಿದ್ದ ಮೊತ್ತ ಮಾತ್ರ ನೋಡುತ್ತಾರೆ, ಪೇ ಸ್ಲಿಪ್ ತೆಗೆದು ನೋಡುವುದೇ ಇಲ್ಲ.

ನನ್ನದು 50 ಪರ್ಸೆಂಟ್ ನೇಮಕ. ಅಂದರೆ ವಾರಕ್ಕೆ ಸರಾಸರಿ 20 ಗಂಟೆ ಕೆಲಸ. ಆಗ ಟಿಎಗಳ ಕನಿಷ್ಠ ಸಂಬಳ ಒಂಬತ್ತು ತಿಂಗಳಿಗೆ ಸುಮಾರು 23,000 ಡಾಲರ್. ತಿಂಗಳಿಗೆ ಹೆಚ್ಚುಕಮ್ಮಿ 2,600. ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಊರುಗಳಲ್ಲಿ ಹಂಚಿಕೊಂಡ ಮನೆಯಲ್ಲಿ ಒಂದು ರೂಮಿಗೇ ಅದರಲ್ಲಿ ಅರ್ಧ ಹೋಗುತ್ತದೆ. ಮುಷ್ಕರ ಯಾಕೆ ಆಯಿತು ಅಂತ ಕೇಳಿದವರಿಗೆ ನಾನು ಈ ಲೆಕ್ಕ ಹೇಳಿ ಸುಮ್ಮನಾಗುತ್ತೇನೆ.

ಯೂನಿಯನ್ ಕೊಡುವ ದುಡ್ಡು ಹೇಗೆ ಬರುತ್ತದೆ ಅನ್ನೋದು ಊರಲ್ಲಿ ಹೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ನಮ್ಮ ಯೂನಿಯನ್ ಸೇರಿದ್ದು ಯುಎಡಬ್ಲ್ಯುಗೆ (ಯುನೈಟೆಡ್ ಆಟೋ ವರ್ಕರ್ಸ್). ಅದು ಮೂಲತಃ ಡೆಟ್ರಾಯಿಟ್ ಕಡೆಯ ಕಾರ್ ಕಾರ್ಖಾನೆ ಕಾರ್ಮಿಕರ ಸಂಘ. ಸದಸ್ಯರು ತಿಂಗಳು ತಿಂಗಳು ಕಟ್ಟುವ ಚಂದಾದಿಂದ ಒಂದು ಮುಷ್ಕರ ನಿಧಿ ಬೆಳೆಸಿದ್ದಾರೆ. ನಮ್ಮಿಂದ ಸಂಬಳದ 1.44 ಪರ್ಸೆಂಟ್ ಕಳೆಯುತ್ತಿದ್ದರು. ವಾರಕ್ಕೆ 275 ಡಾಲರ್ ಇದ್ದ ಮುಷ್ಕರ ಭತ್ಯೆ 2022ರಲ್ಲೇ 400 ಆಗಿತ್ತು. ಮರುವರ್ಷ 500ಕ್ಕೆ ಏರಿತು. ಆಗ ಡಾಲರಿಗೆ ಸುಮಾರು 82 ರೂಪಾಯಿ. ಅಪ್ಪನಿಗೆ ಹೇಳಿದಾಗ "ಕೆಲಸ ನಿಲ್ಲಿಸಿದವರಿಗೆ ವಾರಕ್ಕೆ ಮೂವತ್ತು ಸಾವಿರದ ಮೇಲೆ ಕೊಡ್ತಾರಾ?" ಅಂತ ಎರಡು ಸಲ ಕೇಳಿದರು. 2021ರ ಏಪ್ರಿಲ್‌ನಲ್ಲಿ ನಮ್ಮ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಬಸ್ ನಿಲ್ಲಿಸಿದ್ದು ಅವರ ಕಣ್ಣ ಮುಂದೆ ಇತ್ತು. ಅಲ್ಲಿ ಕೆಲಸ ಇಲ್ಲ ಅಂದರೆ ಸಂಬಳ ಇಲ್ಲ, ಅಷ್ಟೇ. ಮನೆ ನಡೆಸಲು ಸಾಲ, ಇಲ್ಲಾಂದ್ರೆ ಹೆಂಡತಿಯ ಒಡವೆ.

ಆದರೆ ಆ 400 ಸುಮ್ನೆ ಬರುವುದಿಲ್ಲ. ವಾರಕ್ಕೆ 20 ಗಂಟೆ ಪಿಕೆಟ್ ಮಾಡಬೇಕು, ಅಂದರೆ ಕ್ಯಾಂಪಸ್ ಗೇಟಿನ ಮುಂದೆ ಘೋಷಣೆ ಕೂಗುತ್ತಾ ನಿಲ್ಲಬೇಕು. ನಮ್ಮ ಕ್ಯಾಂಪಸ್‌ನಲ್ಲಿ ಗೇಟಿನ ಹತ್ತಿರ ಒಂದು ಮಡಚುವ ಟೇಬಲ್, ಮೇಲೆ ಟೇಪ್ ಹಾಕಿ ಅಂಟಿಸಿದ ಕ್ಯೂಆರ್ ಕೋಡ್. ಬಂದ ತಕ್ಷಣ ಫೋನಲ್ಲಿ ಹೆಸರು, ವಿಭಾಗ, ಶಿಫ್ಟ್ ತುಂಬಬೇಕು. ಹೋಗುವಾಗ ಮತ್ತೆ ಅದೇ. ಪಕ್ಕದಲ್ಲಿ ಪಿಕೆಟ್ ಕ್ಯಾಪ್ಟನ್ ಕ್ಲಿಪ್‌ಬೋರ್ಡ್ ಹಿಡಿದು ಕೂತಿರುತ್ತಿದ್ದರು. ಫೋನ್ ಕೈಕೊಟ್ಟವರು ಕಾಗದದಲ್ಲಿ ಸಹಿ ಹಾಕುತ್ತಿದ್ದರು. ನಾನು ಒಂದಷ್ಟು ದಿನ ಆ ಟೇಬಲ್ ಹತ್ತಿರ ಕೆಲಸ ಮಾಡಿದೆ. ದುಡ್ಡಿನ ತಕರಾರುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ. ಪೇ ರೋಲ್‌ನಲ್ಲಿ ಒಂದು ಹೆಸರು, ಫಾರಂನಲ್ಲಿ ಇನ್ನೊಂದು. ನಮ್ಮ ಕಡೆಯವರಿಗೆ ಇದು ಜಾಸ್ತಿ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ಲು ಎಲ್ಲ ಪಾಸ್‌ಪೋರ್ಟಿನಲ್ಲಿ ಒಂದು ಥರ, ಇಲ್ಲಿ ಒಂದು ಥರ. ಪೇ ಸ್ಲಿಪ್‌ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಪ್ರತಿ ಶಿಫ್ಟ್ ಮುಗಿದ ಮೇಲೆ ಬರುವ ದೃಢೀಕರಣದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅಂತಲೂ ಹೇಳುತ್ತಿದ್ದೆ. ನಿಂತು ಘೋಷಣೆ ಕೂಗಲು ಆಗದವರಿಗೆ, ಹುಷಾರಿಲ್ಲದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಕೂತು ಮಾಡುವ ಬೇರೆ ಕೆಲಸ ಇರುತ್ತದೆ. ಆದರೆ ಅದನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಬೇಕು.

ಈಗ ನಿಜವಾದ ಇಕ್ಕಟ್ಟಿಗೆ ಬರುತ್ತೇನೆ. ಅದು ಮೊತ್ತಕ್ಕಿಂತ ತಾರೀಖಿನದು. ನಮಗೆ ಒಂದು ತಿಂಗಳ ಕೆಲಸದ ಸಂಬಳ ಮುಂದಿನ ತಿಂಗಳ ಒಂದನೇ ತಾರೀಖು ಬರುತ್ತಿತ್ತು. ನವೆಂಬರ್ ಮಧ್ಯದಲ್ಲಿ ಕೆಲಸ ನಿಲ್ಲಿಸಿದರೆ ಅದರ ಪೆಟ್ಟು ಕಾಣುವುದು ಡಿಸೆಂಬರ್ ಒಂದಕ್ಕೆ, ಕೆಲವೊಮ್ಮೆ ಇನ್ನೂ ಆಮೇಲೆ. ಯಾಕೆಂದರೆ ಪೇ ರೋಲ್ ಲೆಕ್ಕವನ್ನು ಸಂಬಳದ ದಿನಕ್ಕೆ ಬಹಳ ಮೊದಲೇ ಮುಚ್ಚುತ್ತಾರೆ. ಮುಷ್ಕರ ಭತ್ಯೆಯೂ ದುಡಿದ ವಾರವೇ ಕೈಗೆ ಬರುವುದಿಲ್ಲ. ಗಂಟೆಗಳ ಲೆಕ್ಕ ತಾಳೆ ನೋಡಿ, ಮೇಲೆ ಕಳಿಸಿ, ಆಮೇಲೆ ಬಿಡುಗಡೆ. ಹಾಗಾಗಿ ಎರಡೂ ಕಡೆಯಿಂದ ದುಡ್ಡು ಬಾರದ ಒಂದು ಸಂದು ಸಿಗುತ್ತದೆ. ಬಾಡಿಗೆಯ ತಾರೀಖು ಸರಿಯಾಗಿ ಆ ಸಂದಿನಲ್ಲೇ ಬಂದು ಕೂರುತ್ತದೆ.

ನಾನು ಮಾಡಿದ್ದು ಇಷ್ಟು. ವೋಟಿಗೆ ಮುಂಚೆಯೇ ಒಂದು ಕಾಗದದಲ್ಲಿ ಮೂರು ತಿಂಗಳ ತಾರೀಖು ಹಾಕಿಕೊಂಡೆ. ಬಾಡಿಗೆ, ಕರೆಂಟು, ಫೋನು, ಊರಿನ ಎಜುಕೇಶನ್ ಲೋನಿನ ಕಂತು, ಒಂದೊಂದರ ಮುಂದೆ ಯಾವ ದಿನ ಅಂತ. ಇನ್ನೊಂದು ಕಡೆ ದುಡ್ಡು ಬರುವ ದಿನಗಳು, ಅತಿ ಕೆಟ್ಟದ್ದನ್ನೇ ಊಹಿಸಿಕೊಂಡು. 400 ಡಾಲರ್ ಅಂದರೆ ತಿಂಗಳಿಗೆ ಸುಮಾರು 1,700. ಸಂಬಳಕ್ಕೂ ಅದಕ್ಕೂ 900ರಷ್ಟು ಕೊರತೆ. ಸಣ್ಣ ಮೊತ್ತವೇನಲ್ಲ, ಆದರೆ ಮೊದಲೇ ಗೊತ್ತಿದ್ದರೆ ಹೊಂದಿಸಬಹುದು. ಮನೆ ಮಾಲೀಕರಿಗೆ ಅಕ್ಟೋಬರ್‌ನಲ್ಲೇ ಇಮೇಲ್ ಬರೆದೆ. ಡಿಸೆಂಬರ್ ಬಾಡಿಗೆ ಎರಡು ಕಂತಿನಲ್ಲಿ ಕೊಡಬಹುದಾ ಅಂತ ಕೇಳಿದೆ. ಆಗಲಿ ಅಂದರು, ಅದನ್ನೂ ಬರವಣಿಗೆಯಲ್ಲೇ ಪಡೆದುಕೊಂಡೆ. ರೂಮ್‌ಮೇಟ್‌ಗಳು ಸೇರಿ ಅಡುಗೆ ಒಟ್ಟಿಗೆ ಮಾಡಿದೆವು. ತೀರಾ ಕಷ್ಟದಲ್ಲಿರುವವರಿಗೆ ಬೇರೆ ಹಾರ್ಡ್‌ಶಿಪ್ ಫಂಡ್ ಕೂಡ ಇತ್ತು. ಕೇಳೋಕೆ ನಾಚಿಕೊಂಡು ಬಿಟ್ಟವರನ್ನು ನೋಡಿದ್ದೇನೆ, ಅದು ನನಗೆ ಬಹಳ ಬೇಜಾರಿನ ವಿಷಯ. ಅದಕ್ಕೆಂದೇ ಜನ ದುಡ್ಡು ಹಾಕಿರುತ್ತಾರೆ.

ಡಿಸೆಂಬರ್ ಒಂದಕ್ಕೆ ಕೆಲವರ ಖಾತೆಗೆ ಸಂಬಳ ಪೂರ್ತಿ ಬಂದು ಬಿದ್ದಿತ್ತು. ಎಲ್ಲರಿಗೂ ಖುಷಿ. ಆದರೆ ಕೆಲಸ ಮಾಡದ ದಿನಗಳ ಸಂಬಳವನ್ನು ಆಮೇಲೆ ಹಿಂದಕ್ಕೆ ಕೇಳುವ ದಾರಿ ಯಾವ ಸಂಸ್ಥೆಗೂ ಇರುತ್ತದೆ. ಆ ಮೊತ್ತವನ್ನು ಉಳಿತಾಯದ ಖಾತೆಗೆ ಹಾಕಿ ಮುಟ್ಟದೆ ಇಡುವುದೇ ಸರಿ. ಎಷ್ಟೋ ಕಡೆ ಆಡಳಿತದವರು "ಈ ತಿಂಗಳು ಕೆಲಸ ಮಾಡಿದ್ದೀರಾ?" ಅಂತ ನಿಮ್ಮಿಂದಲೇ ಬರೆಸಿಕೊಳ್ಳುತ್ತಾರೆ. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹೀಗೆ ಆಯಿತು. ಮರುವರ್ಷ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಎಳೆದ ಮುಷ್ಕರದಲ್ಲೂ ಆಯಿತು. ಅಂಥ ಫಾರಂ ಬಂದರೆ ಯೂನಿಯನ್ ಪ್ರತಿನಿಧಿಗೆ ತೋರಿಸದೆ ತುಂಬಬೇಡಿ. ಸುಳ್ಳಂತೂ ಬರೆಯಲೇಬೇಡಿ. ಸುಳ್ಳು ದಾಖಲೆ ಕೊಟ್ಟರೆ ಮುಷ್ಕರದ ರಕ್ಷಣೆ ಅದಕ್ಕೆ ಸಿಗುವುದಿಲ್ಲ.

ಲ್ಯಾಬಿನಲ್ಲಿದ್ದ ಗೆಳೆಯರ ಪಾಡು ಬೇರೆ. ಟಿಎ ಆದವರಿಗೆ ಕೆಲಸ ಅಂದರೆ ಸೆಕ್ಷನ್ (ಚಿಕ್ಕ ಗುಂಪಿನ ತರಗತಿ), ಗ್ರೇಡಿಂಗ್, ಆಫೀಸ್ ಅವರ್ಸ್ (ವಿದ್ಯಾರ್ಥಿಗಳು ಬಂದು ಅನುಮಾನ ಕೇಳುವ ಹೊತ್ತು). ನಿಲ್ಲಿಸಿದರೆ ಎದ್ದು ಕಾಣುತ್ತದೆ. ರಿಸರ್ಚ್ ಅಸಿಸ್ಟೆಂಟ್‌ಗೆ ಪ್ರೊಫೆಸರರ ಗ್ರಾಂಟಿಗಾಗಿ (ಸಂಶೋಧನಾ ಅನುದಾನ) ಮಾಡುವ ಪ್ರಯೋಗವೇ ತನ್ನ ಥೀಸಿಸ್ಸೂ ಹೌದು. ಯಾವ ಗಂಟೆ ಕೂಲಿಯದು, ಯಾವ ಗಂಟೆ ಓದಿನದು? ಸಂಬಳ ಕಡಿಯುವಾಗಲೂ ಇದೇ ಜಗಳ. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಗಂಟೆಗಳ ಬಗ್ಗೆ ಏನು ಬರೆದಿದೆ ಅನ್ನೋದು ಇಲ್ಲಿ ಬಹಳ ಮುಖ್ಯ.

ನಮ್ಮ ದೇಶದಿಂದ ಹೋದವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಅಮೆರಿಕದ ಸಹಪಾಠಿಗಳು ಕೈ ಖಾಲಿಯಾದರೆ ಸಂಜೆ ಹೊತ್ತು ಕಾಫಿ ಅಂಗಡಿಯಲ್ಲಿ ದುಡಿಯಬಹುದು, ಕಾರು ಓಡಿಸಬಹುದು. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಅದು ಇಲ್ಲ. ಕ್ಯಾಂಪಸ್ ಒಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅಷ್ಟೇ. ಯಾರೋ ನಗದು ಕೊಡ್ತಾರೆ ಅಂತ ಹೊರಗೆ ದುಡಿಯಲು ಹೋಗಬೇಡಿ. ಮುಷ್ಕರಕ್ಕಿಂತ ದೊಡ್ಡ ಅಪಾಯ ಅದು.

ವೀಸಾ ನಿಂತಿರುವುದು ಮುಖ್ಯವಾಗಿ ಪೂರ್ಣಾವಧಿ ವಿದ್ಯಾರ್ಥಿಯಾಗಿ ದಾಖಲಾಗಿರುವುದರ ಮೇಲೆ. ಆದ್ದರಿಂದ ಕೂಲಿ ನಿಂತದ್ದಕ್ಕಿಂತ ಟ್ಯೂಷನ್ ಮಾಫಿ ನಿಂತರೆ ಹೆಚ್ಚು ಭಯ. ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯಲ್ಲಿ 2023ರ ಜನವರಿ 31ಕ್ಕೆ ಮುಷ್ಕರ ಶುರುವಾದ ಮೇಲೆ ಆಡಳಿತ ಅದನ್ನೇ ಮಾಡಿತು. ಟ್ಯೂಷನ್ ಮಾಫಿ ರದ್ದು ಮಾಡಿ, ಮಾರ್ಚ್ 9ರೊಳಗೆ ಕಟ್ಟಿ ಅಂತ ಬಿಲ್ ಕಳಿಸಿತು. ಆರೋಗ್ಯ ವಿಮೆಗೆ ಕೊಡುತ್ತಿದ್ದ ದುಡ್ಡನ್ನೂ ನಿಲ್ಲಿಸಿತು. ಮಾರ್ಚ್ 13ಕ್ಕೆ ಒಪ್ಪಂದ ಆಗಿ ಮುಷ್ಕರ ಮುಗಿಯಿತು. ಆದರೆ ಆ ನಡುವಿನ ವಾರಗಳಲ್ಲಿ ಹೊರದೇಶದ ವಿದ್ಯಾರ್ಥಿಗಳು ಹೇಗೆ ನಿದ್ದೆ ಮಾಡಿದ್ದಾರು ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಆ ಟರ್ಮಿನ ಮಾಫಿ ಶುರುವಿನಲ್ಲೇ ಖಾತೆಗೆ ಜಮಾ ಆಗಿತ್ತು, ಮುಷ್ಕರ ಮುಂದಿನ ಟರ್ಮಿಗೆ ದಾಟಲಿಲ್ಲ. ನಿಮ್ಮ ಫೀ ಖಾತೆಗೆ ಹೋಗಿ ಈ ಟರ್ಮಿನ ಬಾಕಿ ಸೊನ್ನೆ ಅಂತ ತೋರಿಸುವ ಪುಟವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ ನಮಗೆ ಇನ್ನೊಂದು ಹೊರೆ ಇತ್ತು. ಹೊರರಾಜ್ಯ ಮತ್ತು ಹೊರದೇಶದವರಿಗೆ ಮಾಮೂಲಿ ಟ್ಯೂಷನ್ ಮೇಲೆ ವರ್ಷಕ್ಕೆ 15,102 ಡಾಲರ್ ಹೆಚ್ಚುವರಿ ಶುಲ್ಕ. ಹೊರರಾಜ್ಯದ ಗೆಳೆಯರು ಒಂದು ವರ್ಷದ ನಂತರ ಕ್ಯಾಲಿಫೋರ್ನಿಯಾದವರೇ ಆಗಿಬಿಡಬಹುದು, ನಾವು ಆಗುವ ಹಾಗಿಲ್ಲ. ಬಹುತೇಕ ವಿಭಾಗಗಳು ಅಥವಾ ಪ್ರೊಫೆಸರರು ಅದನ್ನು ಕಟ್ಟುತ್ತಾರೆ, ನಿಜ. ಅದಕ್ಕೇ ನಾವು ದುಬಾರಿ ವಿದ್ಯಾರ್ಥಿಗಳು ಅನ್ನಿಸಿಕೊಳ್ಳುತ್ತೇವೆ. ಅದನ್ನು ತೆಗೆಯಿರಿ ಅನ್ನೋದು ಮುಷ್ಕರದ ಬೇಡಿಕೆಗಳಲ್ಲಿ ಒಂದಾಗಿತ್ತು. ಪೂರ್ತಿ ಹೋಗಲಿಲ್ಲ. ಪಿಎಚ್‌ಡಿಯವರು ಅರ್ಹತಾ ಪರೀಕ್ಷೆ ಮುಗಿಸಿ ಕ್ಯಾಂಡಿಡೇಟ್ ಆದ ಮೇಲಿನ ಮೂರು ವರ್ಷಗಳ ರಿಯಾಯಿತಿ ಮಾತ್ರ ಒಪ್ಪಂದದೊಳಗೆ ಬಂತು.

ಮುಷ್ಕರ ಅಧಿಕೃತವೋ ಅಲ್ಲವೋ ಅಂತಲೂ ವಿಚಾರಿಸಿ. 2019ರ ಡಿಸೆಂಬರ್‌ನಲ್ಲಿ ಸಾಂತಾ ಕ್ರೂಸ್ ಕ್ಯಾಂಪಸ್‌ನ ಟಿಎಗಳು ತಿಂಗಳಿಗೆ 1,412 ಡಾಲರ್ ಹೆಚ್ಚಿಗೆ ಕೊಡಿ ಅಂತ ಗ್ರೇಡ್ ತಡೆಹಿಡಿದರು. ಆಗಿನ ಒಪ್ಪಂದದಲ್ಲಿ ಮುಷ್ಕರ ಮಾಡುವಂತಿಲ್ಲ ಅಂತ ಇತ್ತು, ಯೂನಿಯನ್ ಕರೆ ಕೊಟ್ಟಿರಲಿಲ್ಲ. ಹಾಗಾಗಿ ಮುಷ್ಕರ ನಿಧಿಯ ಆಸರೆ ಇರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಹತ್ತಾರು ಜನರ ನೇಮಕ ಕಿತ್ತುಕೊಂಡರು. ಅವರ ಧೈರ್ಯ ದೊಡ್ಡದು. 2022ರ ಮುಷ್ಕರಕ್ಕೆ ನೆಲ ಹದ ಮಾಡಿದವರು ಅವರೇ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಸಲ ಶೇಕಡಾ 98ರಷ್ಟು ವೋಟು ಬಿದ್ದು ಯೂನಿಯನ್ನೇ ಕರೆ ಕೊಟ್ಟಿತ್ತು.

ಡಿಸೆಂಬರ್ 23ಕ್ಕೆ ಒಪ್ಪಂದ ಪಾಸಾಯಿತು. ನಾವು ಕೇಳಿದ್ದು ವರ್ಷಕ್ಕೆ 54,000. ಟಿಎಗಳಿಗೆ ಸಿಕ್ಕಿದ್ದು 2024ರ ಅಕ್ಟೋಬರ್ ಹೊತ್ತಿಗೆ ಕನಿಷ್ಠ 34,000, ಬರ್ಕ್ಲಿ, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲಿಸ್‌ನಲ್ಲಿ 36,500. ಸಾಲದು ಅಂತ ನನ್ನ ಸುತ್ತ ಬಹಳ ಜನ ಬೇಡ ಅಂತಲೇ ವೋಟು ಹಾಕಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಮೊದಲಿನ ಪೇ ಸ್ಲಿಪ್ಪಿನ ಜೊತೆ ಹೋಲಿಸಿದರೆ ಅದು ಸಣ್ಣ ಗೆಲುವಲ್ಲ.

ಬಿಡಬಾರದ ಒಂದು ವಿಷಯ ಉಳಿದಿದೆ, ತೆರಿಗೆ. ಮುಷ್ಕರ ಭತ್ಯೆಯನ್ನು ಅಮೆರಿಕದ ತೆರಿಗೆ ಇಲಾಖೆ ಸಾಮಾನ್ಯವಾಗಿ ಆದಾಯ ಅಂತಲೇ ಲೆಕ್ಕ ಹಾಕುತ್ತದೆ. ಕೈಗೆ ಬಂದದ್ದೆಲ್ಲ ಖರ್ಚು ಮಾಡಬೇಡಿ, ಒಂದು ಪಾಲು ಎತ್ತಿಡಿ. ವರ್ಷದ ಕೊನೆಗೆ ಯೂನಿಯನ್‌ನಿಂದ ತೆರಿಗೆ ಕಾಗದ ಬಂದರೆ ಸಂಬಳದ ವಾರ್ಷಿಕ ತೆರಿಗೆ ಕಾಗದವಾದ ಡಬ್ಲ್ಯು-2 ಜೊತೆಗೇ ಸೇರಿಸಿಡಿ. ಎಫ್-1ನವರ ರಿಟರ್ನ್ ಬೇರೆ ಫಾರಂನಲ್ಲಿ ಹೋಗುವುದರಿಂದ ಕ್ಯಾಂಪಸ್‌ನ ಇಂಟರ್‌ನ್ಯಾಷನಲ್ ಆಫೀಸು ಫೆಬ್ರವರಿ, ಮಾರ್ಚಿನಲ್ಲಿ ನಡೆಸುವ ತೆರಿಗೆ ಶಿಬಿರಕ್ಕೆ ಎರಡನ್ನೂ ಹಿಡಿದುಕೊಂಡು ಹೋಗಿ.