ಯುಎಇಗೆ ಹೊಸದಾಗಿ ಬಂದಿದ್ದೀರಾ? ಇಲ್ಲಿಯ ಹಾವುಗಳ ಬಗ್ಗೆ ಸ್ವಲ್ಪ ತಿಳಿದಿರಲಿ

ಚಳಿಗಾಲ ಶುರುವಾದರೆ ಸಾಕು, ನಮ್ಮವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಅಲ್ ಕುದ್ರಾ ಮರುಭೂಮಿ, ಹತ್ತಾ ಬೆಟ್ಟ, ಫುಜೈರಾ ಕಡಲತೀರ ಅಂತ ಹೊರಡುತ್ತಾರೆ. ಖಂಡಿತ ಹೋಗಿ. ಕತ್ತಲಾದ ಮೇಲೆ ಮಾತ್ರ ಚಪ್ಪಲಿಯಲ್ಲಿ ಓಡಾಡಬೇಡಿ, ಶೂ ಹಾಕಿ, ಟಾರ್ಚ್ ಹಿಡಿಯಿರಿ.

ಮರಳಲ್ಲಿ ಇರುವುದು ಕೊಂಬಿನ ಮಂಡಲ ಹಾವು. ಕಣ್ಣಿನ ಮೇಲೆ ಪುಟ್ಟ ಕೊಂಬು, ಕೆಲವಕ್ಕೆ ಅದೂ ಇರುವುದಿಲ್ಲ. ಮೈ ಅದುರಿಸುತ್ತಾ ಮರಳೊಳಗೆ ಇಳಿದುಬಿಟ್ಟರೆ ಹೊರಗೆ ಕಾಣುವುದು ಕಣ್ಣು, ಮೂತಿ ಅಷ್ಟೇ. ಬೆಳಿಗ್ಗೆ ಬೇಗ ಎದ್ದು ದಿಬ್ಬ ನೋಡಿ, ಒಂದಕ್ಕೊಂದು ತಾಗದ ಓರೆ ಗೆರೆಗಳು ಸಾಲಾಗಿ ಬಿದ್ದಿದ್ದರೆ ರಾತ್ರಿ ಅದು ಅಡ್ಡಡ್ಡ ಹರಿದು ಹೋಗಿದೆ ಅಂತ ಅರ್ಥ.

ಬೆಟ್ಟದ ವಾದಿಗಳಲ್ಲಿ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಕಣಿವೆ ಹಳ್ಳಗಳಲ್ಲಿ, ಗರಗಸ ಮಂಡಲದ ಒಮಾನಿ ಜಾತಿ ಇದೆ. ನಮ್ಮೂರ ಗರಗಸ ಮಂಡಲದ ದಾಯಾದಿ. ರಾತ್ರಿ ನೀರಿನ ಗುಂಡಿ ಪಕ್ಕ ಕಲ್ಲಿನ ಬಣ್ಣಕ್ಕೆ ಬೆರೆತು ಕಪ್ಪೆಗೆ ಕಾಯುತ್ತಾ ಕೂತಿರುತ್ತದೆ. ಕೆಣಕಿದರೆ ಮೈಯ ಹುರುಪೆಗಳನ್ನು ಉಜ್ಜಿ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಅಲ್ಲೇ ನಿಂತು, ಅದು ಎಲ್ಲಿದೆ ಅಂತ ನೋಡಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ.

ಎಲ್ಲವೂ ವಿಷದ ಹಾವಲ್ಲ. ತಲೆಯ ಮೇಲ್ಭಾಗದಲ್ಲೇ ಕಣ್ಣಿರುವ ಮಣ್ಣುಮುಕ್ಕ ಹಾವಂತೂ ತುಂಬಾ ಸಾಧು. ಅದರ ವೈಜ್ಞಾನಿಕ ಹೆಸರು ಎರಿಕ್ಸ್ ಜಯಕರಿ. 19ನೇ ಶತಮಾನದಲ್ಲಿ ಮಸ್ಕತ್‌ನಲ್ಲಿದ್ದ ಭಾರತದ ವೈದ್ಯ ಆತ್ಮಾರಾಮ್ ಜಯಕರ್ ಅವರ ಹೆಸರದು. ನಮ್ಮವರೊಬ್ಬರ ಹೆಸರು ಈ ಮರಳಲ್ಲಿ ಹರಿದಾಡುತ್ತಿದೆ ಅಂದರೆ ಖುಷಿಯಲ್ವಾ? ದಯವಿಟ್ಟು ಹಾವು ಕಂಡ ಕೂಡಲೇ ಕೋಲು ಹುಡುಕಬೇಡಿ.

ಇನ್ನು ಕಡಲು. ಮಲ್ಪೆ, ಮಂಗಳೂರು ಕಡೆಯವರಿಗೆ ಬಲೆಗೆ ಬೀಳುವ ಕಡಲ ಹಾವು ಹೊಸದೇನಲ್ಲ. ಇಲ್ಲಿಯೂ ಹಲವು ಜಾತಿಗಳಿವೆ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಅಲೆಗೆ ಸಿಕ್ಕಿ ದಡಕ್ಕೆ ಬಂದರೆ ನೆಲದ ಮೇಲೆ ಸರಿಯಾಗಿ ಹರಿಯಲಾರದೆ ಸುಮ್ನೆ ಬಿದ್ದಿರುತ್ತವೆ. ಸತ್ತಿದೆ ಅಂದುಕೊಂಡು ಮಕ್ಕಳು ಮುಟ್ಟುತ್ತಾರೆ, ನನಗೆ ಜಾಸ್ತಿ ಭಯ ಇದರದ್ದೇ. ಕಚ್ಚಿದರೂ ಎಷ್ಟೋ ಸಲ ನೋವೇ ಇರುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಮೈಕೈ ನೋವು, ಮೂತ್ರ ಕಪ್ಪಾಗುವುದು. ಅದಕ್ಕೇ ಕಾಯುತ್ತಾ ಕೂರಬೇಡಿ.

ಯಾವ ಹಾವೇ ಕಚ್ಚಲಿ, ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡವೇ ಬೇಡ. ಉಂಗುರ, ಬಳೆ, ವಾಚು ಬಿಚ್ಚಿ, ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಬೆಟ್ಟದೊಳಗೆ ಸಿಗ್ನಲ್ ಸಿಗದ ಜಾಗಗಳಿವೆ, ಹೊರಡುವ ಮೊದಲೇ ಹತ್ತಿರದ ಆಸ್ಪತ್ರೆ ಯಾವುದು ಅಂತ ನೋಡಿಟ್ಟುಕೊಳ್ಳಿ.