ಎಸೆದ ಮೇಲೆ ಸುಮ್ನಿರಬೇಕು: ಹಾಕ್ಸ್‌ಬರಿ ಅಳಿವೆಯಲ್ಲಿ ಲೂರ್ ಹಾಕಿ ಬ್ರೀಮ್ ಹಿಡಿದ ನನ್ನ ಅನುಭವ

ಮೊದಲ ವರ್ಷ ಪೂರ್ತಿ ಲೂರ್ (ಹುಕ್ಕಿರುವ ನಕಲಿ ಎರೆ) ಎಸೆದು ನಾನು ಹಿಡಿದ ಬ್ರೀಮ್ ಮೀನು ಮೂರೇ ಮೂರು. ಸಿಡ್ನಿಯ ಉತ್ತರಕ್ಕೆ ಹಾಕ್ಸ್‌ಬರಿ ನದಿ ಸಮುದ್ರ ಸೇರುವ ಕಡೆ ಬ್ರೂಕ್ಲಿನ್ ಅಂತ ಊರಿದೆ. ಅಲ್ಲಿ ಬೆಳಗಿನ ಜಾವ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಇಳಿಸಿ ಮಧ್ಯಾಹ್ನದವರೆಗೆ ಎಸೆಯುತ್ತಿದ್ದೆ. ದಡದಲ್ಲಿ ಸಿಗಡಿ ಚುಚ್ಚಿ ಗಾಳ ಹಾಕಿ ಕೂತವರಿಗೆ ಮೀನು ಸಿಗುತ್ತಿತ್ತು. ಅಂದರೆ ಮೀನಿಗೇನೂ ಕೊರತೆ ಇರಲಿಲ್ಲ. ನಾನು ಲೂರ್ ಬದಲಿಸಿದೆ, ಬಣ್ಣ ಬದಲಿಸಿದೆ, ಜಾಗ ಬದಲಿಸಿದೆ. ಬದಲಿಸದೇ ಉಳಿದದ್ದು ಒಂದೇ. ಲೂರ್ ನೀರಿಗೆ ಬಿದ್ದ ತಕ್ಷಣ ದಾರದ ರೀಲ್ ಸುತ್ತಲು ಶುರು ಮಾಡುವ ಅಭ್ಯಾಸ.

ಅದನ್ನು ಬಿಡಿಸಿದ್ದು ಗಾಳಿ. ಒಂದು ದಿನ ಬಂಡೆಗಳ ಪಕ್ಕಕ್ಕೆ ಎಸೆದಿದ್ದೆ, ಅಷ್ಟರಲ್ಲಿ ಗಾಳಿ ಬೀಸಿ ಕಯಾಕನ್ನು ಬಂಡೆ ಕಡೆ ತಳ್ಳಿತು. ರಾಡನ್ನು, ಅಂದರೆ ಗಾಳದ ಕೋಲನ್ನು, ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು, ಹುಟ್ಟಿನಿಂದ ಬಂಡೆಯನ್ನು ಒತ್ತಿ ಹಿಂದಕ್ಕೆ ಬಂದೆ. ಅರ್ಧ ನಿಮಿಷ ಆಗಿರಬಹುದು. ತಿರುಗಿ ನೋಡಿದರೆ ನೀರಿನ ಮೇಲೆ ಸಡಿಲವಾಗಿ ಬಿದ್ದಿದ್ದ ದಾರ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಹೋಗುತ್ತಿದೆ. ಎತ್ತಿದೆ. 33 ಸೆಂಟಿಮೀಟರ್ ಬ್ರೀಮ್, ಅದುವರೆಗೆ ನಾನು ಹಿಡಿದದ್ದರಲ್ಲೆಲ್ಲ ದೊಡ್ಡದು. ಆಮೇಲೆ ಬೇಕೆಂದೇ ಹಾಗೆ ಮಾಡಿದೆ. ಎಸೆದು, ರೀಲ್ ಮುಟ್ಟದೆ, ಎಣಿಸುತ್ತಾ ಕೂತೆ. ಆ ಬೆಳಿಗ್ಗೆ ಇನ್ನೂ ಎರಡು ಸಿಕ್ಕವು.

ಯಾಕೆ ಹೀಗೆ ಅನ್ನೋದು ಮೀನಿನ ಬಾಯಲ್ಲೇ ಇದೆ. ಈ ಕಡೆ ಸಿಗುವುದು ಯೆಲ್ಲೋಫಿನ್ ಬ್ರೀಮ್, ಇಲ್ಲಿಯವರು ಆಡುಮಾತಲ್ಲಿ ‘ಬ್ರಿಮ್’ ಅಂತಾರೆ. ಮೈ ಬೆಳ್ಳಿ ಬಣ್ಣ, ಹೊಟ್ಟೆ ಕೆಳಗಿನ ರೆಕ್ಕೆಗಳು ಹಳದಿ. ಒಂದನ್ನು ಹಿಡಿದಾಗ ಮೆಲ್ಲಗೆ ಬಾಯಿ ತೆರೆದು ನೋಡಿ. ಮುಂದೆ ಗೂಟದಂಥ ಚೂಪು ಹಲ್ಲುಗಳು. ಹಿಂದೆ ಎರಡೂ ದವಡೆಗಳಲ್ಲಿ ಕಾಳು ಜೋಡಿಸಿಟ್ಟ ಹಾಗೆ ದುಂಡನೆಯ ಹಲ್ಲುಗಳ ಸಾಲು. ಬಂಡೆಗೆ ಅಂಟಿದ ಸಿಂಪಿ, ಸಣ್ಣ ಏಡಿ ಇವನ್ನೆಲ್ಲ ಒಡೆದು ಅರೆಯುವುದಕ್ಕೆ ಇರುವ ಹಲ್ಲು ಅವು. ಈಗ ಯೋಚನೆ ಮಾಡಿ, ಬಂಡೆ ಮೇಲಿದ್ದ ಏಡಿ ಕಾಲು ಜಾರಿದರೆ ಏನಾಗುತ್ತದೆ? ನೆಟ್ಟಗೆ ಕೆಳಗೆ ಮುಳುಗುತ್ತದೆ, ಅಷ್ಟೇ ಅಲ್ವಾ. ಬಂಡೆಯಿಂದ ದೂರಕ್ಕೆ ವೇಗವಾಗಿ ಈಜಿಕೊಂಡು ಹೋಗುವುದಿಲ್ಲ. ಬ್ರೀಮ್ ಬಂಡೆ ಬುಡದಲ್ಲಿ ಕಾಯುತ್ತಿರುವುದು ಹಾಗೆ ಮೇಲಿಂದ ಬೀಳುವುದಕ್ಕೆ. ನಾನು ವರ್ಷವಿಡೀ ಅದರ ಊಟವನ್ನು ಅದರ ಮೂಗಿನ ಮುಂದಿಂದ ಎಳೆದುಕೊಂಡು ಬರುತ್ತಿದ್ದೆ.

ಹಾಗಾಗಿ ನನ್ನ ಸಾಮಾನೆಲ್ಲ ಈಗ ಒಂದೇ ಕೆಲಸಕ್ಕೆ, ಲೂರ್ ನಿಧಾನವಾಗಿ ಮುಳುಗಬೇಕು. ರಾಡ್ 7 ಅಡಿ, 1ರಿಂದ 3 ಕೆಜಿ ತಾಕತ್ತಿನದು. ಸಣ್ಣ ಸ್ಪಿನ್ನಿಂಗ್ ರೀಲ್. ದಾರ 4 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ), ತುದಿಗೆ ಸುಮಾರು 3 ಮೀಟರ್ 6 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ನೀರಲ್ಲಿ ಸುಲಭಕ್ಕೆ ಕಾಣದ ತುದಿದಾರ), ಎರಡನ್ನೂ ಡಬಲ್ ಯೂನಿ ಗಂಟಿನಿಂದ ಸೇರಿಸುತ್ತೇನೆ. ಜಿಗ್‌ಹೆಡ್, ಅಂದರೆ ತಲೆಯಲ್ಲಿ ಭಾರ ಕೂಡಿದ ಹುಕ್, 1.2 ಗ್ರಾಂ. ಸೆಳೆತ ಜಾಸ್ತಿ ಇದ್ದರೆ ಮಾತ್ರ 2.4. ಅದಕ್ಕೆ ಎರಡು, ಎರಡೂವರೆ ಇಂಚಿನ ಸಾಫ್ಟ್ ಪ್ಲಾಸ್ಟಿಕ್ ಗ್ರಬ್ (ಹುಳುವಿನಾಕಾರದ ಮೆತ್ತನೆ ಲೂರ್), ಕಂದು ಅಥವಾ ಮಸುಕು ಹಸಿರು. ಬಣ್ಣಕ್ಕೆ ಜನ ತುಂಬಾ ತಲೆಕೆಡಿಸಿಕೊಳ್ಳುತ್ತಾರೆ, ನಾನು ಆ ಎರಡೇ ಬಣ್ಣದಲ್ಲಿ ವರ್ಷಗಳನ್ನು ಕಳೆದಿದ್ದೇನೆ. ಆದರೆ ಪ್ಲಾಸ್ಟಿಕ್ ಚುಚ್ಚುವ ರೀತಿ ಮುಖ್ಯ. ಹುಕ್ಕನ್ನು ಪ್ಲಾಸ್ಟಿಕ್ ಪಕ್ಕ ಇಟ್ಟು, ಎಲ್ಲಿ ಹೊರಬರಬೇಕು ಅಂತ ಉಗುರಿನಲ್ಲಿ ಗುರುತು ಮಾಡಿ, ಮೂಗಿನ ಸರಿಯಾದ ನಡುವಿನಿಂದ ಚುಚ್ಚಿ ಆ ಗುರುತಿನಲ್ಲೇ ತೆಗೆಯಿರಿ. ಸ್ವಲ್ಪ ಸೊಟ್ಟಗಾದರೂ ಮುಳುಗುವಾಗ ಗಿರಗಿರ ಸುತ್ತುತ್ತದೆ. ಸುತ್ತುವ ಲೂರನ್ನು ಬ್ರೀಮ್ ಹತ್ತಿರ ಬಂದು ನೋಡಿ ವಾಪಸ್ ಹೋಗುವುದನ್ನು ತಿಳಿನೀರಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನು ಉಬ್ಬರ ಇಳಿತ. ಹಾಕ್ಸ್‌ಬರಿಯಂಥ ದೊಡ್ಡ ಅಳಿವೆಯಲ್ಲಿ ಇದನ್ನು ಬಿಟ್ಟು ಮೀನು ಹುಡುಕುವುದು ಸಾಧ್ಯವೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಕೆಲವೊಮ್ಮೆ 2 ಮೀಟರಿಗೆ ಹತ್ತಿರ ಏರಿಳಿಯುತ್ತದೆ, ಆಗ ಮುಖ್ಯ ನದಿಯಲ್ಲಿ ಸೆಳೆತ ಎಷ್ಟಿರುತ್ತದೆ ಅಂದರೆ 1.2 ಗ್ರಾಂ ಜಿಗ್‌ಹೆಡ್ ತಳ ಮುಟ್ಟುವುದೇ ಇಲ್ಲ, ಕಸದ ಹಾಗೆ ತೇಲಿಕೊಂಡು ಹೋಗುತ್ತದೆ. ಅದಕ್ಕೆ ನನಗೆ ಅಷ್ಟಮಿ ಹತ್ತಿರದ ದಿನಗಳೇ ಇಷ್ಟ. ದೊಡ್ಡ ಉಬ್ಬರದ ದಿನ ಹೋಗಲೇಬೇಕಾದರೆ ಬೆರೋರಾ ಕ್ರೀಕ್, ಮೂನಿ ಮೂನಿ ಕ್ರೀಕ್‌ನಂಥ ಕವಲುಗಳ ಒಳಗೆ ಸೇರಿಕೊಳ್ಳುತ್ತೇನೆ. ಒಂದು ವಿಷಯ ಗೊತ್ತಿರಲಿ, ಸಿಡ್ನಿ ಬಂದರಿನ ಫೋರ್ಟ್ ಡೆನಿಸನ್‌ನ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡು ಹೊರಟರೆ ಇಲ್ಲಿ ಸಮಯ ಹೊಂದುವುದಿಲ್ಲ. ನದಿಯಲ್ಲಿ ಮೇಲೆ ಹೋದಷ್ಟೂ ಉಬ್ಬರ ತಡ. ನದಿಯ ಮೇಲ್ಭಾಗದ ವೈಸ್‌ಮನ್ಸ್ ಫೆರಿ ಊರಿನ ಹತ್ತಿರ ಗಂಟೆಗಟ್ಟಲೆ ತಡ. ನಾನು ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಜಾಗಕ್ಕೂ ನೀರು ತಿರುಗಿದ ಸಮಯ ಬರೆದಿಟ್ಟುಕೊಂಡೆ, ಈಗಲೂ ಅದೇ ನನ್ನ ಪಂಚಾಂಗ.

ಇಳಿತದ ಕೊನೆಯ ಎರಡು ಗಂಟೆ ಕವಲುಗಳ ಬಾಯಲ್ಲಿರುತ್ತೇನೆ. ಮ್ಯಾಂಗ್ರೋವ್ ಗಿಡಗಳ ನಡುವೆ ಹರಡಿದ್ದ ನೀರೆಲ್ಲ ಆಗ ಸಣ್ಣ ಕಾಲುವೆಗಳಲ್ಲಿ ಇಳಿದು ಬರುತ್ತದೆ, ಜೊತೆಗೆ ಸಿಗಡಿ, ಏಡಿಗಳನ್ನೂ ತರುತ್ತದೆ. ಬ್ರೀಮ್ ಆ ಹರಿವಿನ ಮಧ್ಯೆ ನಿಲ್ಲುವುದಿಲ್ಲ, ಅಂಚಿನಲ್ಲಿ ನಿಲ್ಲುತ್ತದೆ. ಓಡುವ ನೀರು ಮತ್ತು ನಿಂತ ನೀರಿನ ನಡುವೆ ಒಂದು ಗೆರೆ ಕಾಣಿಸುತ್ತದೆ, ನೊರೆ, ಎಲೆ ಎಲ್ಲ ಅದರ ಉದ್ದಕ್ಕೆ ಸಾಲಾಗಿರುತ್ತವೆ. ಮೇಲ್ಗಡೆಯಿಂದ ಎಸೆದು ಲೂರ್ ಆ ಗೆರೆ ಮೇಲೆ ತಾನಾಗಿ ಜಾರಿ ಬರುವಂತೆ ಬಿಡಿ. ಉಬ್ಬರ ಏರತೊಡಗಿದ ಮೇಲೆ ಬಂಡೆ ದಡಗಳಿಗೆ ಹೋಗುತ್ತೇನೆ, ಒಣಗಿದ್ದ ಸಿಂಪಿ ಸಾಲು ಒಂದೊಂದೇ ಮುಳುಗುತ್ತಿದ್ದ ಹಾಗೆ ಮೀನು ಮೇಲೆ ಬರುತ್ತದೆ. ಹಳೆ ರೈಲು ಸೇತುವೆಯ ಕಂಬಗಳೂ ಒಳ್ಳೆ ಜಾಗ. 1889ರ ಸೇತುವೆ ಅದು, 1946ರಲ್ಲಿ ಹೊಸದು ಬಂತು, ಹಳೆಯದರ ಕಲ್ಲಿನ ಕಂಬಗಳು ಮಾತ್ರ ಪಕ್ಕದಲ್ಲೇ ನಿಂತಿವೆ. ಕಂಬದ ಹಿಂದೆ, ಸೆಳೆತ ತಾಗದ ಆ ನಾಲ್ಕೈದು ಅಡಿ ನೀರು ಇದೆಯಲ್ಲ, ಅದರಲ್ಲಿ ಎಸೆಯಬೇಕು. ಆದರೆ ಅಲ್ಲಿ ದೋಣಿಗಳ ಓಡಾಟ ಜಾಸ್ತಿ, ಲೈಫ್ ಜಾಕೆಟ್ ಇಲ್ಲದೆ ಹೋಗಲೇಬೇಡಿ.

ಮಳೆ ಇದನ್ನೆಲ್ಲ ತಲೆಕೆಳಗು ಮಾಡುತ್ತದೆ. 2021ರ ಮಾರ್ಚ್ ಪ್ರವಾಹದ ನಂತರ ನದಿ ವಾರಗಟ್ಟಲೆ ಕೆಂಪು ಕಂದು ಬಣ್ಣದಲ್ಲೇ ಇತ್ತು, ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ನನ್ನ ಜಾಗಗಳಲ್ಲಿ ಒಂದೂ ಮೀನಿಲ್ಲ. ಸಿಹಿನೀರು ಮೇಲಿಂದ ಒತ್ತಿದಾಗ ಬ್ರೀಮ್ ಉಪ್ಪುನೀರಿನ ಜೊತೆ ಕೆಳಗೆ, ಸಮುದ್ರದ ಬದಿಯ ಬ್ರೋಕನ್ ಬೇ ಕೊಲ್ಲಿ ಕಡೆಗೆ ಸರಿಯುತ್ತದೆ. ನಾನೂ ಕೆಳಗೆ ಹೋದೆ. ಅಲ್ಲಿ ಕಂದು ನೀರಿನ ಅಂಚಿನಲ್ಲಿ, ತಿಳಿನೀರಿನ ಬದಿಗೆ ಇದ್ದವು.

ಕಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಸಿಗೆಯ ಮುಂಜಾನೆ ಆಳವಿಲ್ಲದ ನೀರಲ್ಲಿ ಸಣ್ಣ ಪಾಪ್ಪರ್ (ನೀರಿನ ಮೇಲೆ ತೇಲುವ ಲೂರ್) ಹಾಕಿದರೆ ಮೇಲೆಯೇ ಹೊಡೆಯುತ್ತವೆ. ಚಳಿಗಾಲದಲ್ಲಿ ಮೊಟ್ಟೆ ಇಡಲು ಅಳಿವೆಯ ಬಾಯಿ ಕಡೆ ಹೋಗುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟ ಮಾರ್ಚ್‌ನಿಂದ ಮೇ, ಇಲ್ಲಿಯ ಶರತ್ಕಾಲ.

ಕಚ್ಚಿದ್ದು ಗೊತ್ತಾಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕೈಗೆ ಗೊತ್ತಾಗುವುದು ಕಡಿಮೆ, ಕಣ್ಣಿಗೆ ಗೊತ್ತಾಗುತ್ತದೆ. ಲೂರ್ ಬಿದ್ದ ಮೇಲೆ ಸಡಿಲ ದಾರ ನೀರಿನ ಮೇಲೆ ಬಿಲ್ಲಿನ ಹಾಗೆ ಬಾಗಿ ಮಲಗಿರುತ್ತದೆ. ಅದರ ತುದಿ ನೀರೊಳಗೆ ಇಳಿಯುವ ಬಿಂದುವನ್ನೇ ನೋಡುತ್ತಿರಿ. 3 ಮೀಟರ್ ಆಳಕ್ಕೆ ನನ್ನ ಲೂರ್ ಇಳಿಯುವುದಕ್ಕೆ ಹನ್ನೆರಡೋ ಹದಿಮೂರೋ ಎಣಿಕೆ ಬೇಕು. ಏಳಕ್ಕೇ ದಾರ ನಿಂತರೆ ಮೀನು. ಬಾಗು ಒಮ್ಮೆ ಚಿಟಿಕೆ ಹೊಡೆದ ಹಾಗೆ ಅದುರಿದರೆ ಮೀನು. ತಳ ಮುಟ್ಟಿದ ಮೇಲೂ ಹತ್ತು ಎಣಿಸಿ, ಆಮೇಲೆ ರಾಡ್ ತುದಿಯನ್ನು ಒಂದು ಗೇಣು ಎತ್ತಿ ಮತ್ತೆ ಬಿಡಿ. ಜೋರಾಗಿ ಜಗ್ಗಬೇಡಿ, ದಾರ ಬಿಗಿ ಮಾಡಿ ರಾಡ್ ಎತ್ತಿದರೆ ಸಾಕು.

ಸಿಕ್ಕಿದ ಕ್ಷಣ ಅದು ಸಿಂಪಿ ಕಡೆ ಓಡುತ್ತದೆ. 6 ಪೌಂಡ್ ಲೀಡರ್ ಸಿಂಪಿ ಅಂಚಿಗೆ ಒಮ್ಮೆ ತಾಗಿದರೆ ಮುಗಿಯಿತು. ನನ್ನ ದೊಡ್ಡ ಮೀನು ಒಂದು ಹೋದದ್ದು ಹಾಗಲ್ಲ, ಅದಕ್ಕಿಂತ ಬೇಸರದ ರೀತಿಯಲ್ಲಿ. ಹಿಂದಿನ ಮೀನು ಲೀಡರನ್ನು ಉಜ್ಜಿಹಾಕಿತ್ತು, ನಾನು ನೋಡದೆ ಮತ್ತೆ ಎಸೆದೆ, ಕಯಾಕ್ ಪಕ್ಕಕ್ಕೆ ಬಂದ ಮೀನು ಕಣ್ಣೆದುರೇ ಲೀಡರ್ ಹರಿದುಕೊಂಡು ಹೋಯಿತು. ಅದರ ಬಾಯಲ್ಲಿ ನನ್ನ ಹುಕ್ ಇತ್ತು, ಅದೇ ನೋವು. ಅವತ್ತಿನಿಂದ ಪ್ರತಿ ಮೀನಿನ ನಂತರ ಲೀಡರ್‌ನ ಕೊನೆಯ ಮೊಳವನ್ನು ಉಗುರಿನ ನಡುವೆ ಎಳೆದು ನೋಡುತ್ತೇನೆ. ಒರಟು ಸಿಕ್ಕಿದರೆ ಕತ್ತರಿಸಿ ಮತ್ತೆ ಕಟ್ಟುತ್ತೇನೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಬ್ರೀಮ್ ಕನಿಷ್ಠ 25 ಸೆಂಟಿಮೀಟರ್ ಇರಬೇಕು, ದಿನಕ್ಕೆ ಒಬ್ಬರಿಗೆ 10. ಟಾರ್ವೈನ್ ಅಂತ ಅದೇ ಥರದ ಇನ್ನೊಂದು ಮೀನಿದೆ, ಅದೂ ಸೇರಿಯೇ ಹತ್ತು. ಗಾಳ ಹಾಕುವ ಶುಲ್ಕ ಕಟ್ಟಿರಬೇಕು. ಆದರೆ ಈ ಮೀನು ತುಂಬಾ ನಿಧಾನ ಬೆಳೆಯುತ್ತದೆ, 25 ಸೆಂಟಿಮೀಟರ್ ಆಗಲು ಸುಮಾರು ಐದು ವರ್ಷ ಬೇಕು. ಅದಕ್ಕೆ ನಾನು ಮನೆಗೆ ಎರಡು ಒಯ್ದರೆ ಅದೇ ಹೆಚ್ಚು, ದೊಡ್ಡವನ್ನಂತೂ ಬಿಟ್ಟೇ ಬಿಡುತ್ತೇನೆ. ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಬೆನ್ನಿನ ಮುಳ್ಳುಗಳನ್ನು ತಲೆ ಕಡೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿಯಿರಿ, ಇಲ್ಲದಿದ್ದರೆ ಅಂಗೈಗೆ ಚುಚ್ಚುತ್ತವೆ.

ಕಳೆದ ಏಪ್ರಿಲ್‌ನಲ್ಲಿ ಬೆರೋರಾ ಕ್ರೀಕ್‌ನ ಒಂದು ಬಂಡೆ ಪಕ್ಕ, ಒಂಬತ್ತು ಎಣಿಸಿದಾಗ ದಾರ ನಿಂತಿತು. 39 ಸೆಂಟಿಮೀಟರ್. ಬಾಯಿ ಅಂಚಿನಲ್ಲಿ ಹಳೆಯ ಹುಕ್ಕಿನ ಗಾಯ ಒಣಗಿ ಬೆಳ್ಳಗಾಗಿತ್ತು, ಯಾರೋ ಇದನ್ನು ಮೊದಲೊಮ್ಮೆ ಹಿಡಿದು ಬಿಟ್ಟಿದ್ದರು. ನೀರಲ್ಲಿ ಬಾಲದ ಬುಡ ಹಿಡಿದುಕೊಂಡು ಕಿವಿರು ಆಡುವವರೆಗೆ ಕಾದೆ. ಬಿಟ್ಟಾಗ ಓಡಿಹೋಗಲಿಲ್ಲ. ನಿಧಾನವಾಗಿ ಅದೇ ಬಂಡೆಯ ಬುಡಕ್ಕೆ ಇಳಿದು, ನೆರಳಲ್ಲಿ ಮರೆಯಾಯಿತು.